ಸ್ನೇಹವೂ ಒಂದು ತಂತ್ರವೇ?

ಪರರ ಮನವೊಲಿಸುವ ವಿದ್ಯೆಯನ್ನು ಶುಲ್ಕ ಪಡೆದು ಕಲಿಸುವ ತರಬೇತಿಗಳು ಇಂದು ನಗರಗಳಲ್ಲಿ ಸಾಮಾನ್ಯವಾಗಿವೆ. ಎದುರಿನವನು ಕೈಕಟ್ಟಿ ಕುಳಿತರೆ ತಾನೂ ಹಾಗೆಯೇ ಕುಳಿತುಕೊಳ್ಳುವುದು, ಅವನು ಮೆಲ್ಲನೆ ನುಡಿದರೆ ತಾನೂ ಮೆಲ್ಲನೆ ನುಡಿಯುವುದು ಅಲ್ಲಿಯ ಪಾಠ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ರಿಚರ್ಡ್ ಬ್ಯಾಂಡ್ಲರ್ ಮತ್ತು ಜಾನ್ ಗ್ರಿಂಡರ್ ರೂಪಿಸಿದ ಪದ್ಧತಿಯು ಇಂತಹ ಅನುಕರಣೆಗೆ ಶಾಸ್ತ್ರದ ವೇಷ ತೊಡಿಸಿತು.

ಇದರಿಂದ ಫಲವಿಲ್ಲವೆಂದಲ್ಲ. ಟಾನ್ಯಾ ಚಾರ್ಟ್ರಾಂಡ್ ಮತ್ತು ಜಾನ್ ಬಾರ್ಗ್ 1999ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಮ್ಮ ಹಾವಭಾವವನ್ನು ಅನುಕರಿಸಿದವರನ್ನು ಜನರು ಹೆಚ್ಚು ಮೆಚ್ಚಿದರು. ಆದರೆ ಒಡನೆ ಕುಳಿತ ಮನುಷ್ಯರು ತಮಗರಿವಿಲ್ಲದೆಯೇ ಒಬ್ಬರನ್ನೊಬ್ಬರು ಅನುಕರಿಸುವರೆಂದೂ, ಇತರರ ದೃಷ್ಟಿಯಿಂದ ನೋಡುವ ಸ್ವಭಾವದವರಲ್ಲಿ ಇದು ಅಧಿಕವೆಂದೂ ಅವೇ ಪ್ರಯೋಗಗಳು ತೋರಿಸಿದವು. ಸಹಜವಾದ ಹೊಂದಾಣಿಕೆ ಪರರ ಬಗೆಗಿನ ಗಮನದಿಂದ ಹುಟ್ಟುವ ಫಲ. ಆ ಗಮನವನ್ನು ಬಿಟ್ಟು ಹೊರಗಿನ ಚಿಹ್ನೆಯನ್ನಷ್ಟೇ ಅಭ್ಯಾಸ ಮಾಡುವುದು ನಟನೆಯಲ್ಲದೆ ಮತ್ತೇನು?

1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ವಿನೋಬಾ ಭಾವೆಯವರು ಬಳಸಿದ ತಂತ್ರವಾವುದು? ಹಿಂಸೆಯಿಂದ ನಲುಗಿದ ಆ ಸೀಮೆಗೆ ಅವರು ಕಾಲ್ನಡಿಗೆಯಲ್ಲಿ ಬಂದರು. ಭೂಮಿಯಿಲ್ಲದ ದಲಿತರು 80 ಎಕರೆ ಬೇಕೆಂದಾಗ ಸಾವಧಾನದಿಂದ ಕೇಳಿದರು. ಆ ಕೋರಿಕೆಯನ್ನು ನೆರೆದ ಊರವರ ಮುಂದೆಯೇ ಇಟ್ಟರು. ರಾಮಚಂದ್ರ ರೆಡ್ಡಿಯವರು 100 ಎಕರೆ ಕೊಡುವುದಾಗಿ ಸಾರಿದರು. ಮುಂದೆ ಭೂದಾನದಲ್ಲಿ ಬಂದ ಎಷ್ಟೋ ಭೂಮಿ ಹಂಚಿಕೆಯಾಗದೆ ಉಳಿದುದು ನಿಜ. ಆದರೆ ಬೇಡಿದ ರೀತಿಯಲ್ಲಿ ಮರೆಮಾಚಿದ್ದೇನೂ ಇರಲಿಲ್ಲ. ಇಲ್ಲವೆನ್ನುವ ಸ್ವಾತಂತ್ರ್ಯ ಕೊಡುವವನಿಗಿತ್ತು.

ವಿಮಾ ಪಾಲಿಸಿಯನ್ನೋ ಠೇವಣಿಯ ಯೋಜನೆಯನ್ನೋ ಹೊತ್ತು ವೃದ್ಧರ ಮನೆಗೆ ಹೋಗುವವನ ಸ್ನೇಹಕ್ಕೂ ಇದೇ ಒರೆಗಲ್ಲು. ತನ್ನ ಉದ್ದೇಶವನ್ನು ಅವನು ಅವರಿಗೆ ಬಿಚ್ಚಿ ಹೇಳಬಲ್ಲನೇ? ‘ನಿಮ್ಮ ಸಹಿ ಪಡೆಯಲೆಂದೇ ನಿಮ್ಮ ಮೊಮ್ಮಗನ ಕುಶಲ ವಿಚಾರಿಸಿದೆ’ ಎನ್ನಲು ನಾಲಿಗೆ ಹಿಂಜರಿದರೆ, ಆ ಕುಶಲಪ್ರಶ್ನೆ ವಂಚನೆಯೇ ಸರಿ. ನಷ್ಟವಾಗುವುದು ಜೀವಮಾನದ ಉಳಿತಾಯ ಮಾತ್ರವಲ್ಲ. ಒಮ್ಮೆ ಮೋಸಹೋದ ಮನೆ ಮುಂದೆ ನಿಜವಾದ ಹಿತೈಷಿಯನ್ನೂ ಶಂಕಿಸುತ್ತದೆ.

ಸಂಕೋಚಶೀಲನು ಮಾತು ಕಲಿಯುವುದು ತಪ್ಪೆಂದು ಇದರರ್ಥವಲ್ಲ. ಅವನು ಮೊದಲು ಕೇಳುವುದನ್ನು ಕಲಿಯಲಿ. ಕೇಳಿದ ಮೇಲೆ ತನ್ನ ಅಭಿಪ್ರಾಯವನ್ನೇ ಬದಲಿಸಿಕೊಳ್ಳಬೇಕಾದೀತೆಂಬ ಸಿದ್ಧತೆಯಿರಲಿ. ಆ ಸಿದ್ಧತೆಯಿಲ್ಲದವನಿಗೆ ಪರರ ಮನಸ್ಸನ್ನು ಬದಲಿಸುವ ಅಧಿಕಾರವೂ ಇಲ್ಲ.