ತೂಕಡಿಕೆ ಮೈಗಳ್ಳತನವಲ್ಲ

'ಹಾರ್ಟಿನ ಮಾತ್ರೆ ಶುರುವಾದ ಮೇಲೆ ಅಪ್ಪನಿಗೆ ಮೈಗಳ್ಳತನ ಬಂದಿದೆ, ಹಗಲೆಲ್ಲ ತೂಕಡಿಸುತ್ತಾರೆ.' ಮುಂಬಯಿಯ ನಮ್ಮ ಮನೆಗಳಲ್ಲಿ ಕೇಳಿಬರುವ ಈ ಮಾತು ಶುದ್ಧ ಅನ್ಯಾಯ. ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್‌ನಂತಹ ಬೀಟಾ ಬ್ಲಾಕರ್ ಮಾತ್ರೆಗಳ ಕೆಲಸವೇ ಹೃದಯದ ಬಡಿತವನ್ನು ನಿಧಾನಗೊಳಿಸುವುದು. ಮೆಟ್ಟಿಲು ಹತ್ತುವಾಗ ಏರಬೇಕಾದಷ್ಟು ನಾಡಿ ಏರದು; ಆಯಾಸವಾಗುತ್ತದೆ. ಇವೆರಡೂ ಕೊಬ್ಬಿನಲ್ಲಿ ಕರಗುವಂಥವು, ಆದ್ದರಿಂದ ಮಿದುಳನ್ನೂ ಹೊಗುತ್ತವೆ. ಕೆಲವರಿಗೆ ರಾತ್ರಿಯ ನಿದ್ದೆ ಕೆಡುತ್ತದೆ, ಹಗಲು ಜೋಂಪು ಹತ್ತುತ್ತದೆ.

ನಿಜವಾದ ಅಪರಾಧ ನಡೆಯುವುದು ಡಾಕ್ಟರರ ಕೋಣೆಯಲ್ಲಿ. ಊರಿನಿಂದ ಬಂದ ಹಿರಿಯರಿಗೆ ಹಿಂದಿ, ಮರಾಠಿ ಬಾರದು. ಮಗನೇ ದುಭಾಷಿ. ಅವರು ಐದು ನಿಮಿಷ ಕನ್ನಡದಲ್ಲಿ ತೋಡಿಕೊಂಡದ್ದನ್ನು ಮಗರಾಯ 'ಸಬ್ ಠೀಕ್ ಹೈ' ಎಂದು ಮುಗಿಸುತ್ತಾನೆ. ಲೋಕಲ್ ಹಿಡಿಯುವ ಅವಸರ ನೋಡಿ! ಹೇಳಿದ್ದರೆ ವೈದ್ಯರು ಪ್ರಮಾಣ ತಗ್ಗಿಸಬಹುದಿತ್ತು, ಹೊತ್ತು ಬದಲಿಸಬಹುದಿತ್ತು, ಮಿದುಳಿಗೆ ಕಡಿಮೆ ಹೋಗುವ ಅಟೆನೊಲಾಲ್ ಹೊಂದೀತೇ ಎಂದು ಯೋಚಿಸಬಹುದಿತ್ತು. ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆ ಇದೆಯೇ ಎಂದೂ ಕೇಳುತ್ತಿದ್ದರು.

ಇನ್ನು ಪಕ್ಕದ ಮನೆಯ ಪಂಡಿತರು: 'ನಾಲ್ಕು ದಿನ ಮಾತ್ರೆ ಬಿಟ್ಟು ನೋಡಿ ರಾಯರೇ!' ಬೀಟಾ ಬ್ಲಾಕರನ್ನು ಥಟ್ಟನೆ ನಿಲ್ಲಿಸಿದರೆ ಎದೆನೋವು ಮರುಕಳಿಸಿ ಹೃದಯಾಘಾತವೂ ಆಗಬಹುದು. ಆಗ ಈ ಪಂಡಿತರು ಎಲ್ಲಿರುತ್ತಾರೆ? ನೆಗಡಿಗೆಂದು ತಾವೇ ಕೊಡಿಸಿದ ಸೆಟ್ರಿಜಿನ್ ಮಂಪರನ್ನು ಹೆಚ್ಚಿಸುತ್ತದೆ ಎಂಬುದೂ ಅವರಿಗೆ ಬೇಡ.

ಮುಂದಿನ ಸಲ ಹೋಗುವಾಗ ತಂದೆ ಎಷ್ಟು ಹೊತ್ತಿಗೆ ಮಾತ್ರೆ ನುಂಗಿದರು, ಎಷ್ಟು ಹೊತ್ತಿಗೆ ತೂಕಡಿಸಿದರು ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಒಂದು ಲೋಕಲ್ ತಪ್ಪಿದರೆ ತಪ್ಪಲಿ.