ಅರ್ಜಿ ಹಾಕದವರ ತಟ್ಟೆ

ಅರ್ಜಿ ಎಂಬ ಮಾತು ಕನ್ನಡಕ್ಕೆ ಬಂದದ್ದು ಅರಬ್ಬಿ ಫಾರಸಿಯ ದಾರಿಯಿಂದ. ದರಖಾಸ್ತು, ಮಂಜೂರು, ಜಮಾ, ಖರ್ಚು, ರಸೀದಿ, ಗುಮಾಸ್ತ, ತಹಸೀಲ್ದಾರ, ಹೀಗೆ ಕಚೇರಿಯ ಮೇಜಿನ ಮೇಲಿರುವ ಎಷ್ಟೋ ಮಾತುಗಳು ಅದೇ ದಾರಿಯಲ್ಲಿ ಬಂದು ಇಲ್ಲಿಯವೇ ಆಗಿಬಿಟ್ಟವು. ಒಂದು ಕಾಲದಲ್ಲಿ ಇವುಗಳನ್ನು ಬರೆಯಬಲ್ಲವನಿಗೆ ಊರಲ್ಲಿ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಈಗಲೂ ಈ ಮಾತುಗಳು ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಬರುತ್ತವೆ. ಆದರೆ ಮಕ್ಕಳ ಊಟಕ್ಕೆಂದು ಸರಕಾರ ಇಟ್ಟಿರುವ ಹಣ ಕೇಳಲು ಒಂದು ಅರ್ಜಿ ಬರೆಯಿರಿ ಎಂದರೆ ನಮ್ಮ ಜಮಾಅತಿನ ದೊಡ್ಡವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ನಾವು ಹೇಳುತ್ತಿರುವುದು ಶಾಲೆಯ ಮಧ್ಯಾಹ್ನದ ಊಟ ಮತ್ತು ಅಂಗನವಾಡಿಯ ಪೌಷ್ಟಿಕ ಆಹಾರದ ಅನುದಾನದ ಮಾತು. ಈ ಹಣ ಯಾರಪ್ಪನ ದಾನವೂ ಅಲ್ಲ. 1995ರ ಆಗಸ್ಟ್ 15ರಂದು ಕೇಂದ್ರ ಸರಕಾರ ಇದನ್ನು ಶುರುಮಾಡಿದಾಗ ಹಲವು ಕಡೆ ಕೊಟ್ಟದ್ದು ಬರೀ ಧಾನ್ಯ. ಮಗು ಶೇಕಡಾ 80ರಷ್ಟು ಹಾಜರಿ ಹಾಕಿದರೆ ತಿಂಗಳಿಗೆ ಮೂರು ಕಿಲೋ. ಶಾಲೆಗೆ ಬಾ, ಅಕ್ಕಿ ಒಯ್ಯಿ ಎಂಬ ಪ್ರೋತ್ಸಾಹಕ ಅದು. ಆ ಅಕ್ಕಿ ಮನೆಯ ಗಡಿಗೆ ಸೇರಿ ಎಲ್ಲರ ಹೊಟ್ಟೆಗೆ ಹಂಚಿಹೋಗುತ್ತಿತ್ತೇ ಹೊರತು ಮಗುವಿನ ತಟ್ಟೆಗೆ ಬೀಳುವ ಖಾತ್ರಿ ಇರಲಿಲ್ಲ. ಪಿಯುಸಿಎಲ್ ಹೂಡಿದ ದಾವೆಯಲ್ಲಿ 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು, ಬೇಯಿಸಿದ ಊಟವನ್ನೇ ಕೊಡಬೇಕು, ದಿನಕ್ಕೆ ಕನಿಷ್ಠ 300 ಕ್ಯಾಲರಿ, 8ರಿಂದ 12 ಗ್ರಾಂ ಪ್ರೋಟೀನ್ ಇರಬೇಕು, ವರ್ಷಕ್ಕೆ ಕನಿಷ್ಠ 200 ದಿನ ಕೊಡಬೇಕು ಎಂದು ಆದೇಶಿಸಿತು. ನಮ್ಮಲ್ಲಿ 2002ರಲ್ಲಿ ಉತ್ತರದ ಏಳು ಹಿಂದುಳಿದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಮೊದಲಾಯಿತು. ಹಾಗಾಗಿ ಇದು ಕೋರ್ಟಿನ ಕಟಕಟೆಯಲ್ಲಿ ಗೆದ್ದುಕೊಂಡ ಅನ್ನ. ಕೇಳಲು ನಾಚಿಕೆ ಯಾಕೆ?

ಈ ಅನ್ನವನ್ನು ಬೇಯಿಸುವುದು ಎರಡು ಬಗೆಯಲ್ಲಿ. ಹೆಚ್ಚಿನ ಶಾಲೆಗಳಲ್ಲಿ ಅಲ್ಲಿಯದೇ ಅಡುಗೆಕೋಣೆ, ಊರಿನದೇ ಹೆಣ್ಣುಮಕ್ಕಳು. ಪಟ್ಟಣಗಳಲ್ಲಿ ಸ್ವಯಂಸೇವಾ ಸಂಸ್ಥೆಗಳ ದೊಡ್ಡ ಅಡುಗೆಮನೆಗಳು. ಸಂಸ್ಥೆಗಳು ಅರ್ಜಿ ಹಾಕಲು ಏನೇನು ಬೇಕು ಎಂದು 2006ರ ಕೇಂದ್ರ ಮಾರ್ಗಸೂಚಿ ಹೇಳಿತ್ತು. ಸಂಸ್ಥೆ ನೋಂದಣಿಯಾಗಿರಬೇಕು, ಕನಿಷ್ಠ ಎರಡು ವರ್ಷ ಹಳೆಯದಿರಬೇಕು, ಲಾಭವಿಲ್ಲದೆ ಮಾಡಬೇಕು, ಲೆಕ್ಕಪರಿಶೋಧನೆಯಾದ ವರದಿ ಕೊಡಬೇಕು, ಜಾತಿ ಧರ್ಮದ ಭೇದ ಮಾಡಕೂಡದು. ಓದಿ ನೋಡಿ, ಇದರಲ್ಲಿ ನಮ್ಮನ್ನು ಹೊರಗಿಡುವ ಒಂದು ಸಾಲೂ ಇಲ್ಲ. ಇನ್ನೂ ಒಂದು ಮಾತು. 2008ರಿಂದ ಸರ್ವ ಶಿಕ್ಷಾ ಅಭಿಯಾನದ ನೆರವು ಪಡೆಯುವ ಮದ್ರಸಾ ಮಕ್ತಬುಗಳನ್ನೂ, ಅವು ಮಾನ್ಯತೆ ಇಲ್ಲದವಾದರೂ, ಈ ಊಟದ ವ್ಯಾಪ್ತಿಗೆ ತರಲಾಯಿತು. ಎಷ್ಟು ಆಡಳಿತ ಮಂಡಳಿಗಳಿಗೆ ಈ ಸುದ್ದಿ ಮುಟ್ಟಿತ್ತು?

ಇಸ್ಕಾನ್ ಬೆಂಗಳೂರಿನವರ ಅಕ್ಷಯ ಪಾತ್ರ 2000ದಲ್ಲಿ ಐದು ಶಾಲೆಗಳ 1,500 ಮಕ್ಕಳಿಂದ ಶುರುವಾಯಿತು. ಸರಕಾರದ ಯೋಜನೆ ಇಲ್ಲಿಗೆ ಬರುವ ಮೊದಲೇ ಅವರು ಒಲೆ ಹಚ್ಚಿದ್ದರು, ಲೆಕ್ಕ ಇಟ್ಟಿದ್ದರು, ಅರ್ಜಿ ಹಾಕಿದ್ದರು. ಇದನ್ನು ಮೆಚ್ಚದೆ ಇರುವುದು ಸಣ್ಣತನ. ಆದರೆ ಅವರ ಒಲೆಯ ಜತೆಗೆ ಅವರ ಮಡಿಯೂ ಬಂತು. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಮೊಟ್ಟೆಯಂತೂ ಕೇಳುವುದೇ ಬೇಡ. 2018-19ರಲ್ಲಿ ರಾಜ್ಯ ಸರಕಾರ ಈರುಳ್ಳಿ ಬೆಳ್ಳುಳ್ಳಿ ಹಾಕಿ ಎಂದಾಗ ದೊಡ್ಡ ಚರ್ಚೆ ನಡೆಯಿತು. ಪೋಷಕಾಂಶದ ಲೆಕ್ಕಕ್ಕೆ ಕೊರತೆ ಇಲ್ಲ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳಿತು. ಲೆಕ್ಕ ಸರಿಯಿರಬಹುದು. ನಮ್ಮ ತಕರಾರು ಲೆಕ್ಕದ್ದಲ್ಲ. ಸಾರಿನಲ್ಲಿ ಬೆಳ್ಳುಳ್ಳಿಯ ಒಗ್ಗರಣೆ ಕೇಳುವ ಮಗುವಿನ ನಾಲಗೆ ಯಾವ ಕಲಮಿನಲ್ಲಿ ಬರುತ್ತದೆ? ಅರ್ಜಿ ಹಾಕಿದವನ ನಂಬಿಕೆ ಅರ್ಜಿ ಹಾಕದವನ ಮಗುವಿನ ತಟ್ಟೆಗೆ ಹೇಗೆ ಇಳಿಯುತ್ತದೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಮೊಟ್ಟೆಯ ಕತೆ ಇದಕ್ಕಿಂತ ಉದ್ದ. ಪಕ್ಕದ ತಮಿಳುನಾಡಿನಲ್ಲಿ 1989ರಲ್ಲೇ ಊಟದ ಜತೆ ಮೊಟ್ಟೆ ಬಂತು. 2010ರ ಹೊತ್ತಿಗೆ ವಾರಕ್ಕೆ ಐದಾಯಿತು. ನಮ್ಮಲ್ಲಿ 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರ ಸೇರಿ ಏಳು ಜಿಲ್ಲೆಗಳಲ್ಲಿ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಎಂದಾಗ ಮಠಾಧೀಶರು ಬೀದಿಗಿಳಿದರು. ಗಂಗಾವತಿಯ ಒಬ್ಬ ಶಾಲಾ ಹುಡುಗಿ, ನೀವು ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬ ಅರ್ಥದಲ್ಲಿ ಕ್ಯಾಮರಾ ಮುಂದೆ ಹೇಳಿದ್ದು ನಾಡೆಲ್ಲ ಓಡಾಡಿತು. ಆ ವರ್ಷ ಕನ್ನಡದಲ್ಲಿ ಬಂದ ಯಾವ ಕತೆಯಲ್ಲೂ ಅಷ್ಟು ಒಳ್ಳೆಯ ಸಂಭಾಷಣೆ ನಾವು ಓದಲಿಲ್ಲ. ಮುಂದೆ 2022ರಲ್ಲಿ ಯಾದಗಿರಿ ಮತ್ತು ಗದಗದ ಮಕ್ಕಳನ್ನು ಹೋಲಿಸಿದ ಅಧ್ಯಯನವೊಂದರಲ್ಲಿ ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳ ಬೆಳವಣಿಗೆ ಉತ್ತಮವೆಂದು ಕಂಡುಬಂತು. ಅದೇ ವರ್ಷ, ಶಿಕ್ಷಣ ನೀತಿಗೆಂದು ರಾಜ್ಯದಲ್ಲಿ ತಯಾರಾದ ಒಂದು ವರದಿ ಮೊಟ್ಟೆ ಮಾಂಸದಿಂದ ಜೀವನಶೈಲಿಯ ಕಾಯಿಲೆ ಬರುತ್ತದೆ ಎಂದು ಬರೆಯಿತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇಕಡಾ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಶೇಕಡಾ 65.5ರಷ್ಟು ಮಕ್ಕಳಿಗೆ ರಕ್ತಹೀನತೆ. ಈ ಮಕ್ಕಳಿಗೆ ಬೊಜ್ಜಿನ ಭಯ ಹೇಳುವ ವಿದ್ವಾಂಸರಿಗೆ ಏನೆನ್ನಬೇಕು!

2024ರ ಜುಲೈನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ ಮೇಲೆ ವಾರಕ್ಕೆ ಎರಡಿದ್ದ ಮೊಟ್ಟೆ ಆರಾಯಿತು. ಸಂತೋಷ. ನಮ್ಮವರು ಕೆಲವರು ಇದನ್ನು ಮೀಸೆ ತಿರುವಿ ಹೇಳಿಕೊಳ್ಳುವುದನ್ನು ಕೇಳಿದ್ದೇವೆ. ಅದರಲ್ಲಿ ನಮ್ಮ ಪಾಲೇನು? ಒಬ್ಬ ಉದ್ಯಮಿ ತನ್ನ ದುಡಿಮೆಯಿಂದ ಕೊಟ್ಟದ್ದಕ್ಕೆ ಜಮಾಅತಿನ ಮೊಹರು ಒತ್ತುವುದು ಬೇಡ. ಒಂದು ಮೊಟ್ಟೆಗೆಂದು ನಿಗದಿಯಾದ ಆರು ರೂಪಾಯಿಯಲ್ಲೇ ಇಂಧನವೂ ಸುಲಿಯುವ ಕೂಲಿಯೂ ಸೇರಿತ್ತು; ಪೇಟೆಯಲ್ಲಿ ದರ ಏರಿದಾಗ ಮುಖ್ಯೋಪಾಧ್ಯಾಯರು ಕೈಯಿಂದ ಹಾಕಬೇಕಾಯಿತು. ಆಗ ಎಷ್ಟು ಮಸೀದಿ ಕಮಿಟಿಗಳು ಪಕ್ಕದ ಶಾಲೆಗೆ ಹೋಗಿ, ಮಾಸ್ತರರೇ, ಕೊರತೆ ಎಷ್ಟು ಎಂದು ಕೇಳಿದವು?

ಉಣಿಸುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಉರೂಸಿಗೆ ಡೇಗುಗಟ್ಟಲೆ ಬಿರಿಯಾನಿ, ರಮಜಾನಿನಲ್ಲಿ ಇಫ್ತಾರು, ಈದಿಗೆ ಕಿಟ್ಟು. ಆ ಕಿಟ್ಟನ್ನು ಒಮ್ಮೆ ಬಿಚ್ಚಿ ನೋಡಿ. ಮೈದಾ, ಸಕ್ಕರೆ, ಶಾವಿಗೆ, ಪಾಮಾಯಿಲ್. ಒಂದು ಹಿಡಿ ಬೇಳೆ, ಕಡಲೆ ಇರುವ ಕಿಟ್ಟು ಅಪರೂಪ. ವರ್ಷದ ಹನ್ನೊಂದು ತಿಂಗಳು ಚಹಾ ಬನ್ನಿನಲ್ಲಿ ಬೆಳೆಯುವ ಮಗುವಿಗೆ ಒಂದು ತಿಂಗಳು ಖರ್ಜೂರ. ಜಕಾತಿನ ಹಣ ಕೈಯಿಂದ ಕೈಗೆ ಹೋಗುತ್ತದೆ, ಪುಸ್ತಕಕ್ಕೆ ಏರುವುದಿಲ್ಲ. ಜಮಾಖರ್ಚನ್ನು ಮಸೀದಿಯ ಗೋಡೆಯ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಮುಂದಿನ ಜುಮಾಕ್ಕೆ ಒರೆಸಿಬಿಡುತ್ತೇವೆ. ಅಲ್ಲಾಹನಿಗೆ ಗೊತ್ತಿದೆ, ಸಾಕು ಎನ್ನುತ್ತಾರೆ. ಅಲ್ಲಾಹನಿಗೆ ಗೊತ್ತು ನಿಜ, ಜಿಲ್ಲಾ ಪಂಚಾಯತಿಗೆ ಗೊತ್ತಾಗುವುದು ಹೇಗೆ? ಪರಿಶೋಧಿತ ಲೆಕ್ಕವಿಲ್ಲದ ಸಂಸ್ಥೆಯ ಅರ್ಜಿ ಮೊದಲ ಮೇಜಿನಲ್ಲೇ ಬೀಳುತ್ತದೆ. ಬಿದ್ದ ಮೇಲೆ, ನೋಡಿ ತಾರತಮ್ಯ ಎನ್ನುತ್ತೇವೆ.

ತಾರತಮ್ಯ ಇಲ್ಲ ಎಂದು ನಾವು ಹೇಳುತ್ತಿಲ್ಲ. ಒಂದು ತಾಲೂಕು ಕೇಂದ್ರದಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳ ಸಂಘವೊಂದಕ್ಕೆ ಅಂಗನವಾಡಿಗೆ ಶೇಂಗಾ ಚಿಕ್ಕಿ ಕೊಡುವ ಅರ್ಜಿ ಬರೆದುಕೊಟ್ಟವರು ನಾವು. ಮೊದಲ ಸಲ ಆಹಾರ ಸುರಕ್ಷತೆಯ ನೋಂದಣಿ ಇಲ್ಲವೆಂದರು, ಮಾಡಿಸಿದೆವು. ಎರಡನೆಯ ಸಲ ಮೂರು ವರ್ಷದ ವಹಿವಾಟು ಕೇಳಿದರು. ಬೀಡಿ ಎಲೆಯ ಮೇಲೆ ವಹಿವಾಟು ಎಲ್ಲಿ ಬರೆದಿರುತ್ತದೆ? ಮೂರನೆಯ ಸಲ ಇ.ಎಂ.ಡಿ. ಠೇವಣಿ. ಅಷ್ಟು ಹಣ ಇದ್ದರೆ ಬೀಡಿ ಯಾಕೆ ಕಟ್ಟುತ್ತಿದ್ದೆವು ಸಾಹೇಬ್ರೆ ಎಂದು ಒಬ್ಬಳು ಕೇಳಿದಳು. ಗುಮಾಸ್ತರು ನಕ್ಕರು, ಫೈಲು ಕಟ್ಟಿದರು. 2004ರ ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟು ಅಂಗನವಾಡಿಯ ಆಹಾರಕ್ಕೆ ಗುತ್ತಿಗೆದಾರರನ್ನು ಬಳಸಬೇಡಿ, ಹಳ್ಳಿಯ ಸಮುದಾಯ, ಸ್ವಸಹಾಯ ಗುಂಪು, ಮಹಿಳಾ ಮಂಡಳಗಳ ಮೂಲಕ ಮಾಡಿಸಿ ಎಂದು ಹೇಳಿದ್ದು ಇಂಥ ಹೆಂಗಸರಿಗಾಗಿಯೇ. ಗುತ್ತಿಗೆದಾರನಿಗೆ ಹೊಲಿಸಿದ ಅಂಗಿಯನ್ನು ಇವರ ಮುಂದೆ ಹಿಡಿದು, ಹಾಕಿಕೊಳ್ಳಿ, ಸರಿಹೋದರೆ ಮಂಜೂರು ಎಂದರೆ ಆ ಆದೇಶಕ್ಕೆ ಏನು ಅರ್ಥ ಉಳಿಯಿತು? ಮಹಾರಾಷ್ಟ್ರದಲ್ಲಿ ಗುತ್ತಿಗೆದಾರರೇ ಮಹಿಳಾ ಮಂಡಳದ ಸೆರಗು ಹೊದ್ದು ಒಳಗೆ ಬಂದದ್ದನ್ನು ಕೋರ್ಟಿನ ಆಯುಕ್ತರೇ 2012ರಲ್ಲಿ ಬಯಲು ಮಾಡಿದರು.

ಸರಕಾರದ ಜಿಪುಣತನವನ್ನೂ ಹೇಳಬೇಕು. 2025ರ ಮೇ ತಿಂಗಳಿಂದ ಪ್ರಾಥಮಿಕ ಶಾಲೆಯ ಮಗುವಿನ ಒಂದು ಊಟದ ಸಾಮಗ್ರಿಗೆ, ಅಕ್ಕಿ ಬಿಟ್ಟು, ಕೇಂದ್ರದ ಯೋಜನೆಯಲ್ಲಿ ಗೊತ್ತುಮಾಡಿದ್ದು 6 ರೂಪಾಯಿ 78 ಪೈಸೆ. ಹಿರಿಯ ಪ್ರಾಥಮಿಕಕ್ಕೆ 10 ರೂಪಾಯಿ 17 ಪೈಸೆ. ಇದರಲ್ಲಿ ಬೇಳೆ, ತರಕಾರಿ, ಎಣ್ಣೆ, ಸಂಬಾರ, ಗ್ಯಾಸು ಎಲ್ಲ ಆಗಬೇಕು. ಅಡುಗೆಯವರ ಗೌರವಧನಕ್ಕೆ 2009ರಲ್ಲಿ ನಿಗದಿಯಾದ ತಿಂಗಳಿಗೆ ಸಾವಿರ ರೂಪಾಯಿ, ಅದೂ ವರ್ಷಕ್ಕೆ ಹತ್ತೇ ತಿಂಗಳು. ರಾಜ್ಯ ತನ್ನ ಕೈಯಿಂದ ಸೇರಿಸುವುದರಿಂದ ಒಲೆ ಉರಿಯುತ್ತಿದೆ. ಇಷ್ಟು ಕಡಿಮೆ ದುಡ್ಡಿನಲ್ಲಿ ಮಾಡಬೇಕೆಂದರೆ ದಾನಿಗಳ ಬೆಂಬಲ ಇದ್ದವರಿಗೇ ಅನುದಾನ. ಹಣ ಇದ್ದವರಿಗೆ ಹಣ, ಹಣದ ಜತೆ ಮೆನು.

ನಮ್ಮಲ್ಲಿ ಕೇಳಿಬರುವ ಆಕ್ಷೇಪಗಳು ಗೊತ್ತು. ಸರಕಾರದ ಖಜಾನೆಯಲ್ಲಿ ಬಡ್ಡಿ ಇದೆ, ಮುಟ್ಟಬಾರದು ಎನ್ನುವ ಹಜರತರು ಇದ್ದಾರೆ. ಸೋಪಿಗೆ, ಎಣ್ಣೆಗೆ, ಬೀಡಿಗೆ ತೆರಿಗೆ ಕಟ್ಟುವಾಗ ಆ ಖಜಾನೆ ನಿಮ್ಮದು, ಮಗುವಿಗೆ ಬೇಳೆ ಕೇಳುವಾಗ ಅದು ಪರಾಯಿ ಹೇಗಾಯಿತು? ಹಾಕಿದರೂ ಕೊಡುವುದಿಲ್ಲ ಎನ್ನುವವರು ಇನ್ನೂ ಹೆಚ್ಚು. ಕೊಡದಿದ್ದರೆ ಬರವಣಿಗೆಯಲ್ಲಿ ತಿರಸ್ಕಾರ ಪಡೆಯಿರಿ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹಾಕದ ಅರ್ಜಿಗೆ ಮೇಲ್ಮನವಿ ಇಲ್ಲ. 2006ರ ಪ್ರಧಾನಿಯವರ ಹೊಸ 15 ಅಂಶಗಳ ಕಾರ್ಯಕ್ರಮದ ಮೊಟ್ಟಮೊದಲ ಅಂಶ, ಅಲ್ಪಸಂಖ್ಯಾತರು ಹೆಚ್ಚಿರುವ ಕಡೆ ಅಂಗನವಾಡಿಗಳನ್ನು ಕೊಡುವುದು. ಅದನ್ನು ಹಿಡಿದು ನಿಮ್ಮ ಮೊಹಲ್ಲಾಕ್ಕೆ ಒಂದು ಅಂಗನವಾಡಿ ಕೇಳಿದ ಕಾಗದ ನಿಮ್ಮ ಕಪಾಟಿನಲ್ಲಿದೆಯೆ?

ಮೂರನೆಯ ಆಕ್ಷೇಪಕ್ಕೆ ಉತ್ತರ ಸುಲಭವಲ್ಲ. ನಾವು ಬೇಯಿಸಿದರೆ ಉಣ್ಣುವವರು ಯಾರು? 2025ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಹೊಮ್ಮ ಗ್ರಾಮದಲ್ಲಿ ದಲಿತ ಮಹಿಳೆ ಅಡುಗೆ ಮಾಡುತ್ತಾಳೆಂದು ಮಕ್ಕಳನ್ನು ಶಾಲೆ ಬಿಡಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ನಮ್ಮ ಕೈಯ ಅಡುಗೆಗೂ ಅದೇ ಆಗಬಹುದು. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಿ ಎಂದು ಸುಪ್ರೀಂ ಕೋರ್ಟು 2004ರ ಏಪ್ರಿಲಿನಲ್ಲೇ ಹೇಳಿತ್ತು. ಅವರು ಇಪ್ಪತ್ತು ವರ್ಷಗಳಿಂದ ಆ ಅವಮಾನ ನುಂಗಿಕೊಂಡೇ ಒಲೆ ಬಿಡದೆ ನಿಂತಿದ್ದಾರೆ. ನಾವು ಒಲೆಯ ಹತ್ತಿರವೇ ಹೋಗದೆ ಅವಮಾನದ ಮಾತಾಡುತ್ತೇವೆ. ಹಾಗೆಂದು ಮುಸ್ಲಿಮರಿಗೊಂದು ಅಡುಗೆಮನೆ ಬೇಕು ಎಂಬುದು ನಮ್ಮ ವಾದವಲ್ಲ. ಅವರ ಮಡಿಗೆ ಎದುರಾಗಿ ನಮ್ಮದೊಂದು ಮಡಿ ಕಟ್ಟುವುದಾದರೆ ಈ ಲೇಖನ ಬರೆಯುವುದೇ ದಂಡ. ಶಾಲೆಯ ಅಂಗಳದಲ್ಲೇ ಒಲೆ ಇರಬೇಕು, ಅಲ್ಲಿ ಎಲ್ಲ ಕೇರಿಯ ಹೆಣ್ಣುಮಕ್ಕಳ ಕೈ ಇರಬೇಕು, ಮೊಟ್ಟೆ ತಿನ್ನುವ ಮಗುವಿಗೆ ಮೊಟ್ಟೆ, ಒಲ್ಲದ ಮಗುವಿಗೆ ಬಾಳೆಹಣ್ಣು ಸಿಗಬೇಕು. ಇದನ್ನು ಕೇಳಲು ಎಸ್‌ಡಿಎಂಸಿ ಇದೆ. ಅದರ ಸಭೆಗೆ ನಮ್ಮ ಮನೆಗಳಿಂದ ಹೋಗುವವರು ಎಷ್ಟು ಮಂದಿ?

ಕುರ್‌ಆನಿನ ಮಾಊನ್ ಅಧ್ಯಾಯ ನಮ್ಮ ಮಕ್ಕಳಿಗೂ ಬಾಯಿಪಾಠ. ಅದು ದೂರುವುದು ಬಡವನಿಗೆ ಉಣಿಸದವನನ್ನಷ್ಟೇ ಅಲ್ಲ, ಉಣಿಸಿರಿ ಎಂದು ಇತರರನ್ನು ಒತ್ತಾಯಿಸದವನನ್ನು. ನಾವು ಒಂದು ಡೇಗು ಬಿರಿಯಾನಿ ಇಳಿಸಿ ಕೈ ತೊಳೆದುಕೊಂಡರೆ ಮೊದಲಿನದು ಆಯಿತು. ಎರಡನೆಯದಕ್ಕೆ ಕಚೇರಿಯ ಮೆಟ್ಟಿಲು ಹತ್ತಬೇಕು, ಸಾಲಲ್ಲಿ ನಿಲ್ಲಬೇಕು, ಕನ್ನಡದಲ್ಲಿ ನಾಲ್ಕು ಸಾಲು ನೆಟ್ಟಗೆ ಬರೆಯಬೇಕು. ಉರ್ದು ಶಾಲೆಯಲ್ಲಿ ಕಲಿತ ನಮ್ಮ ಹುಡುಗರಿಗೆ ಈ ನಾಲ್ಕು ಸಾಲು ಬಾರದಿರುವುದು ಬೇರೆಯೇ ಒಂದು ದುಃಖ, ಅದಕ್ಕೆ ಇನ್ನೊಂದು ಸಂಚಿಕೆ ಬೇಕು.

ದೊಡ್ಡ ಅರ್ಜಿಗೆ ಕೈ ನಡುಗುವವರಿಗೆ ಒಂದು ಸಣ್ಣ ಅರ್ಜಿಯೂ ಇದೆ. ಹಬ್ಬಕ್ಕೋ ಮಗುವಿನ ಹುಟ್ಟುಹಬ್ಬಕ್ಕೋ ಊರಿನವರು ಶಾಲೆಯ ಮಕ್ಕಳಿಗೆ ವಿಶೇಷ ಊಟ ಕೊಡಬಹುದು ಎಂದು 2021ರಲ್ಲಿ ಪಿಎಂ ಪೋಷಣ್ ಎಂಬ ಹೆಸರು ಪಡೆದ ಇದೇ ಯೋಜನೆ ಹೇಳುತ್ತದೆ. ಅದಕ್ಕೆ ದಿಲ್ಲಿಯವರು ಇಟ್ಟ ಹೆಸರು ತಿಥಿ ಭೋಜನ. ಗುಜರಾತಿನಿಂದ ಬಂದ ಹೆಸರು. ಕನ್ನಡದವರು ತಿಥಿ ಊಟ ಎಂದರೆ ಯಾವ ಊಟ ಎಂದು ತಿಳಿಯುತ್ತಾರೆ ಎಂಬುದನ್ನು ಅವರಿಗೆ ಯಾರೂ ಹೇಳಿದಂತಿಲ್ಲ. ಹೆಸರು ಏನಾದರೂ ಇರಲಿ, ಮೀಲಾದಿನ ದಿನ ಮಸೀದಿಯ ಗೋಡೆಯಾಚೆಗಿನ ಸರಕಾರಿ ಶಾಲೆಯ ಅಷ್ಟೂ ಮಕ್ಕಳಿಗೆ ಹಣ್ಣು, ಕಾಳಿನ ಪಲ್ಯ, ಮೊಟ್ಟೆ ಕೊಡಲು ಮುಖ್ಯೋಪಾಧ್ಯಾಯರಿಗೆ ಒಂದು ಕಾಗದ ಬರೆದು, ಎಸ್‌ಡಿಎಂಸಿಯ ಒಪ್ಪಿಗೆ ಕೇಳಿದರಾಯಿತು. ಖರ್ಚಿನ ರಸೀದಿಗಳನ್ನು ಮಾತ್ರ ಎಸೆಯಬೇಡಿ. ಮುಂದಿನ ಅರ್ಜಿಗೆ ಅವೇ ಮೊದಲ ವರ್ಷದ ಲೆಕ್ಕ.