ನಾವು ನೋಡಿದ ಚಿತ್ರಗಳು: ಅಂಕದ ಜೊತೆಗೆ ಒಂದು ಮಾತು

ಚಿತ್ರಮಂದಿರದಲ್ಲಿ ನೋಡಿ ಬಂದ ಚಿತ್ರಗಳಿಗೆ 10ಕ್ಕೆ ಇಷ್ಟೆಂದು ಅಂಕಗಳನ್ನು ಕೊಟ್ಟು, ಗೃಹಸ್ಥರಾದ ವಾಚಕರಿಗೆ ನಮಗೆ ತೋರಿದ ಸಲಹೆಯನ್ನು ಹೇಳುವುದು ಈ ಪುಟದ ಪದ್ಧತಿಯಾಗಿದೆ. ಈ ತಿಂಗಳು ಆ ಕಾರ್ಯಕ್ಕೆ ತೊಡಗುವ ಮುನ್ನ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

2022ನೆಯ ಜೂನ್ ತಿಂಗಳಲ್ಲಿ ತೆರೆಕಂಡ ‘777 ಚಾರ್ಲಿ’ಗೆ ನಾವು 8 ಅಂಕಗಳನ್ನು ಕೊಟ್ಟು, ಮಕ್ಕಳೊಡನೆ ಅವಶ್ಯವಾಗಿ ನೋಡತಕ್ಕ ಚಿತ್ರವೆಂದು ಬರೆದಿದ್ದೆವು. ಹೆತ್ತವರನ್ನು ಬಾಲ್ಯದಲ್ಲೇ ಕಳೆದುಕೊಂಡು, ಮೈಸೂರಿನಲ್ಲಿ ಕಾರ್ಖಾನೆಯ ಕೆಲಸ ಮಾಡುತ್ತ, ಯಾರೊಡನೆಯೂ ಬೆರೆಯದೆ ಬದುಕುತ್ತಿರುವ ಧರ್ಮನೆಂಬ ತರುಣನ ಮನೆಗೆ ನಾಯಿಯೊಂದು ಬಂದು ಸೇರುವುದೂ, ಅದರಿಂದ ಅವನ ಬಾಳು ಬದಲಾಗುವುದೂ ಅದರ ಕಥಾವಸ್ತು. ನಿರ್ದೇಶಕರಾದ ಕಿರಣ್‌ರಾಜ್ ಅವರ ತಾಳ್ಮೆಯನ್ನೂ, ಧರ್ಮನಾಗಿ ನಟಿಸಿದ ರಕ್ಷಿತ್ ಶೆಟ್ಟಿಯವರ ಸಂಯಮವನ್ನೂ, ಎಲ್ಲಕ್ಕಿಂತ ಹೆಚ್ಚಾಗಿ ಆ ನಾಯಿಯ ನಟನೆಯನ್ನೂ ಮನಸಾರೆ ಹೊಗಳಿದ್ದೆವು. 2023ರಲ್ಲಿ ಪ್ರಕಟವಾದ ರಾಷ್ಟ್ರಪ್ರಶಸ್ತಿಗಳಲ್ಲಿ ಉತ್ತಮ ಕನ್ನಡ ಚಿತ್ರವೆಂಬ ಮನ್ನಣೆ ಅದಕ್ಕೆ ದೊರೆತಾಗ, ನಮ್ಮ ಅಂಕ ಸರಿಯೆಂದು ಒಳಗೊಳಗೇ ಹಿಗ್ಗಿದುದೂ ಉಂಟು.

ಈಗ ಒಬ್ಬ ತಾಯಿ ನಮಗೆ ಪತ್ರ ಬರೆದಿದ್ದಾರೆ. ಆ ಸಮಯದಲ್ಲಿ ಅವರ ಮನೆಯಲ್ಲಿ ಏಳು ವರ್ಷದ ಹೆಣ್ಣುಮಗುವೊಂದಿತ್ತು. ಮನೆಯ ನಾಯಿ ಸತ್ತು ಎರಡು ತಿಂಗಳೂ ಆಗಿರಲಿಲ್ಲ. ನಾಯಿಯ ಚಿತ್ರವನ್ನು ನೋಡಿದರೆ ಮಗುವಿನ ಮನಸ್ಸು ಹಗುರಾದೀತೆಂದು, ನಮ್ಮ ಮಾತನ್ನು ನಂಬಿ, ಮನೆಮಂದಿಯೆಲ್ಲ ಹೋದರು. ಆದರೆ ಚಾರ್ಲಿಗೆ ವಾಸಿಯಾಗದ ರೋಗವುಂಟು. ಹಿಮವನ್ನು ತೋರಿಸಲೆಂದು ಧರ್ಮನು ಅದನ್ನು ದೇಶದ ಉದ್ದಕ್ಕೂ ಕರೆದೊಯ್ದರೂ ಅದು ಕೊನೆಗೆ ಉಳಿಯುವುದಿಲ್ಲ. ಇದನ್ನು ನಾವು ಬರೆದಿರಲಿಲ್ಲ. ಮಗು ಆ ರಾತ್ರಿ ಊಟ ಮಾಡಲಿಲ್ಲ, ಹಲವು ರಾತ್ರಿ ನಿದ್ದೆಯಲ್ಲಿ ಬೆಚ್ಚಿ ಎದ್ದಿತು. ಈಗ ಹತ್ತು ದಾಟಿರುವ ಆ ಹುಡುಗಿ ಇಂದಿಗೂ ಚಿತ್ರಮಂದಿರವೆಂದರೆ ಒಲ್ಲೆನೆನ್ನುವಳಂತೆ. ತಾಯಿಯ ಪತ್ರದಲ್ಲಿ ಕೋಪವಿಲ್ಲ. ಒಂದು ಪ್ರಶ್ನೆ ಮಾತ್ರ ಇದೆ. ನಾವು ಹೊಗಳುತ್ತಿರುವ ಹೊಸ ಚಿತ್ರಗಳಲ್ಲಿ ಹೇಳದೆ ಬಿಟ್ಟದ್ದು ಏನಾದರೂ ಉಂಟೆ ಎಂದು ಅವರು ಕೇಳಿದ್ದಾರೆ.

ಕಥೆಯ ಕೊನೆಯನ್ನು ಮುಂಚೆಯೇ ತಿಳಿಸಿದರೆ ನೋಡುವವರ ರಸ ಕೆಡುವುದೆಂಬುದು ವಿಮರ್ಶಕರಲ್ಲಿ ನಡೆದು ಬಂದ ಸಂಪ್ರದಾಯ. ಅದನ್ನು ನಂಬಿಯೇ ನಾವು ಮೌನವಾಗಿದ್ದೆವು. ಆದರೆ ಮದುವೆಯ ಪಂಕ್ತಿಯಲ್ಲಿ ಬಡಿಸುವವರು ಮಕ್ಕಳ ಎಲೆಯ ಮುಂದೆ ಬಂದಾಗ, ‘ಇದು ಖಾರ’ ಎಂದು ಒಂದು ಮಾತು ಹೇಳಿಯೇ ಮುಂದೆ ಹೋಗುತ್ತಾರೆ. ಅದರಿಂದ ಅಡಿಗೆಯ ರುಚಿ ಕೆಟ್ಟಿತೆಂದು ಯಾವ ಬಾಣಸಿಗನೂ ದೂರುವುದಿಲ್ಲ. ಯಾರು ಸಾಯುತ್ತಾರೆ, ಹೇಗೆ ಸಾಯುತ್ತಾರೆ ಎಂಬುದನ್ನು ಹೇಳಬೇಕಾಗಿರಲಿಲ್ಲ. ಈ ಚಿತ್ರದಲ್ಲಿ ಅಗಲಿಕೆಯ ದುಃಖವಿದೆ ಎಂದಿದ್ದರೆ ಸಾಕಾಗುತ್ತಿತ್ತು.

ಸರಕಾರದ ಪ್ರಮಾಣಪತ್ರವಿರುವಾಗ ನಮ್ಮ ಎಚ್ಚರಿಕೆ ಏಕೆಂದು ಕೆಲವರು ಕೇಳಬಹುದು. 2023ರಲ್ಲಿ ತಿದ್ದುಪಡಿಯಾದ ಕಾನೂನಿನ ಮೇರೆಗೆ ‘ಯುಎ’ ಎಂಬ ವರ್ಗವನ್ನು 7, 13, 16 ವರ್ಷಗಳೆಂದು ಮೂರು ಪಾಲು ಮಾಡಿದ್ದಾರೆ. ಆ ವಯಸ್ಸಿಗೆ ಕಿರಿಯರನ್ನು ಕರೆದೊಯ್ಯುವುದೂ ಬಿಡುವುದೂ ತಂದೆತಾಯಿಗಳ ವಿವೇಚನೆಗೆ ಸೇರಿದ್ದು. ‘ಎ’ ವರ್ಗದ ಚಿತ್ರಕ್ಕೆ ಮಾತ್ರ 18 ತುಂಬದವರಿಗೆ ಪ್ರವೇಶವಿಲ್ಲ. ಇದು ಉಪಯುಕ್ತವಾದ ಏರ್ಪಾಡೇ. ಆದರೆ ಒಂದು ಮನೆಯಲ್ಲಿ ಮೊನ್ನೆ ತಾನೇ ಏನು ನಡೆದಿದೆಯೆಂಬುದು ಪ್ರಮಾಣಪತ್ರಕ್ಕೆ ತಿಳಿಯದು. ಅದು ಮನೆಯವರಿಗೇ ತಿಳಿದದ್ದು. ಚಿತ್ರದೊಳಗೆ ಏನಿದೆಯೆಂಬುದನ್ನು ಅವರಿಗೆ ತಿಳಿಸುವುದಷ್ಟೇ ನಮ್ಮ ಪಾಲಿನ ಕರ್ತವ್ಯ.

ಆದಕಾರಣ ಇನ್ನು ಮುಂದೆ ಅಂಕದ ಜೊತೆಗೆ, ಚಿತ್ರ ಯಾರಿಗೆ ಸಲ್ಲುವುದು, ಅದರಲ್ಲಿ ಖಾರ ಯಾವುದು ಎಂಬೆರಡು ಮಾತುಗಳನ್ನೂ ಬರೆಯುವೆವು. ಈಚಿನ ವರ್ಷಗಳಲ್ಲಿ ನಾವು ನೋಡಿದ ಮೂರು ಚಿತ್ರಗಳಿಂದ ಇದನ್ನು ಆರಂಭಿಸುತ್ತೇವೆ.

‘ಸು ಫ್ರಮ್ ಸೋ’ (2025). ಜೆ. ಪಿ. ತುಮಿನಾಡು ಅವರು ನಿರ್ದೇಶಿಸಿ, ಮುಖ್ಯ ಪಾತ್ರವನ್ನೂ ವಹಿಸಿದ್ದಾರೆ. ಕರಾವಳಿಯ ಹಳ್ಳಿಯೊಂದರ ಅಶೋಕನೆಂಬ ತರುಣನು ಇಣುಕಬಾರದ ಕಡೆ ಇಣುಕಿ ಸಿಕ್ಕಿಬಿದ್ದು, ಮಾನ ಉಳಿಸಿಕೊಳ್ಳಲು ಸೋಮೇಶ್ವರದ ಸುಲೋಚನೆಯ ದೆವ್ವ ತನ್ನ ಮೈಮೇಲೆ ಬಂದಿದೆಯೆಂದು ನಟಿಸುತ್ತಾನೆ. ಊರೆಲ್ಲ ಅದನ್ನು ನಂಬಿದ ಮೇಲೆ ನಡೆಯುವ ಫಜೀತಿಗೆ ನಗದವರಿಲ್ಲ. ದೆವ್ವವನ್ನು ಬಿಡಿಸಲು ಬರುವ ಗುರೂಜಿಯಾಗಿ ರಾಜ್ ಬಿ. ಶೆಟ್ಟಿಯವರು ಅಚ್ಚುಕಟ್ಟಾಗಿ ಅಭಿನಯಿಸಿದ್ದಾರೆ. ನಗುವಿನ ನಡುವೆಯೇ ಕಥೆಯು ದಿಕ್ಕಿಲ್ಲದ ಹೆಣ್ಣೊಬ್ಬಳ ಸಂಕಟದ ಕಡೆ ತಿರುಗುವುದು ಇದರ ಹಿರಿಮೆ. ಮೊದಲು ಕೆಲವೇ ಪ್ರದರ್ಶನಗಳಿದ್ದ ಈ ಚಿತ್ರವು ನೋಡಿದವರು ನೆರೆಹೊರೆಗೆ ಹೇಳಿದುದರಿಂದಲೇ ಬೆಳೆಯಿತು. ಬಾಯಿಮಾತಿನ ಬಲ ಎಷ್ಟೆಂಬುದಕ್ಕೂ, ಆ ಮಾತನ್ನು ಎಷ್ಟು ಜವಾಬ್ದಾರಿಯಿಂದ ಆಡಬೇಕೆಂಬುದಕ್ಕೂ ಇದೇ ಸಾಕ್ಷಿ. ಅಂಕ 8. ಹಿರಿಯರಿಗೂ ಬೆಳೆದ ಮಕ್ಕಳಿಗೂ ಸಲ್ಲುವುದು. ಖಾರ: ಆರಂಭದ ಆ ಇಣುಕಾಟ, ಕುಡಿತದ ದೃಶ್ಯಗಳು, ಕತ್ತಲೆಗೆ ಹೆದರುವ ಚಿಕ್ಕ ಮಕ್ಕಳಿಗೆ ದೆವ್ವದ ಮಾತು.

‘ಸಪ್ತ ಸಾಗರದಾಚೆ ಎಲ್ಲೋ’ (2023). ಹೇಮಂತ್ ಎಂ. ರಾವ್ ಅವರು ಒಂದೇ ಕಥೆಯನ್ನು ಎರಡು ಭಾಗಗಳಾಗಿ ಸೆಪ್ಟೆಂಬರಿನಲ್ಲಿಯೂ ನವೆಂಬರಿನಲ್ಲಿಯೂ ತೆರೆಗೆ ತಂದರು. ಶ್ರೀಮಂತರ ಮನೆಯ ಕಾರು ಚಾಲಕ ಮನು, ಹಾಡುವ ಹಂಬಲದ ಪ್ರಿಯ, ಇವರಿಬ್ಬರಿಗೂ ಸ್ವಂತ ಮನೆಯೊಂದರ ಕನಸು. ಆ ಹಣದಾಸೆಗೆ ಮನುವು ಇನ್ನೊಬ್ಬನ ಅಪರಾಧವನ್ನು ತನ್ನ ತಲೆಯ ಮೇಲೆ ಹೊತ್ತು ಸೆರೆಮನೆಯನ್ನು ಸೇರುತ್ತಾನೆ. ರಕ್ಷಿತ್ ಶೆಟ್ಟಿ ಹಾಗೂ ರುಕ್ಮಿಣಿ ವಸಂತ್ ಅವರ ಅಭಿನಯದಲ್ಲಿ ಮೌನಕ್ಕೂ ಮಾತಿನಷ್ಟೇ ಬೆಲೆಯಿದೆ. ಅವಸರದ ಸಂಪಾದನೆಯ ದಾರಿ ಎಲ್ಲಿಗೆ ಒಯ್ಯಬಲ್ಲುದೆಂಬುದನ್ನು ಉಪದೇಶವಿಲ್ಲದೆ ತೋರಿಸಿದ್ದಾರೆ. ನಡಿಗೆ ನಿಧಾನವಾದುದರಿಂದ ಕೆಲವರಿಗೆ ಬೇಸರ ಬರಬಹುದು. ಅಂಕ 9. ದಂಪತಿಗಳು ತಾವಿಬ್ಬರೇ ನೋಡತಕ್ಕದ್ದು. ಖಾರ: ಸೆರೆಮನೆಯ ಕ್ರೌರ್ಯ ಮತ್ತು ಬಹುಕಾಲ ಬಿಡದ ವಿರಹದುಃಖ. ನಮ್ಮ ಪಟ್ಟಿಯಲ್ಲಿ ಅತಿ ಹೆಚ್ಚು ಅಂಕ ಪಡೆದ ಈ ಚಿತ್ರಕ್ಕೆ ಮಕ್ಕಳನ್ನು ಕರೆದೊಯ್ಯಬಾರದು.

‘ಡೇರ್‌ಡೆವಿಲ್ ಮುಸ್ತಾಫಾ’ (2023). ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿ ಶಶಾಂಕ್ ಸೋಗಾಲ್ ಅವರು ನಿರ್ದೇಶಿಸಿದ ಈ ಚಿತ್ರಕ್ಕೆ ತೇಜಸ್ವಿಯವರ ಅಭಿಮಾನಿಗಳೇ ಕೂಡಿ ಬಂಡವಾಳ ಹಾಕಿದರು. ಅಬಚೂರಿನ ಕಾಲೇಜಿನ ತರಗತಿಗೆ ಮುಸ್ತಾಫಾ ಎಂಬ ಮುಸಲ್ಮಾನ ಹುಡುಗನೊಬ್ಬ ಹೊಸದಾಗಿ ಬಂದಾಗ, ಅವನನ್ನು ಅರಿಯದೆಯೇ ಹುಡುಗರು ಅವನ ವಿಷಯದಲ್ಲಿ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಜಗಳವು ಕ್ರಿಕೆಟ್ ಮೈದಾನದವರೆಗೂ ಹೋಗುತ್ತದೆ. ಕೆಲವೆಡೆ ಹಾಸ್ಯ ಅತಿಯಾಗಿದೆ, ಹೊಸ ನಟರಲ್ಲಿ ಕೆಲವರು ಇನ್ನೂ ಪಳಗಬೇಕು. ಆದಕಾರಣ ಅಂಕ 7. ಆದರೂ ಅಜ್ಜಿಯಿಂದ ಮೊಮ್ಮಗಳವರೆಗೆ ಒಟ್ಟಿಗೆ ಕುಳಿತು ನೋಡುವುದಕ್ಕೆ ಈ ಮೂರರಲ್ಲಿ ಇದಕ್ಕೇ ನಮ್ಮ ಮೊದಲ ಶಿಫಾರಸು. ಖಾರ: ಹುಡುಗರ ಹೊಡೆದಾಟ, ಧರ್ಮದ ಹೆಸರಿನ ಚುಚ್ಚುಮಾತುಗಳು. ನೋಡಿದ ಮೇಲೆ ಮಕ್ಕಳು ಆ ವಿಷಯವಾಗಿ ಪ್ರಶ್ನೆ ಕೇಳಿದರೆ ಹಿರಿಯರು ಉತ್ತರ ಹೇಳಲು ಸಿದ್ಧರಾಗಿರಬೇಕು.

‘777 ಚಾರ್ಲಿ’ಯ 8 ಅಂಕಗಳನ್ನು ನಾವು ಕಡಿಮೆ ಮಾಡುವುದಿಲ್ಲ, ತಪ್ಪು ಚಿತ್ರದ್ದಲ್ಲ, ನಮ್ಮದು. ಅದರ ಮುಂದೆ ‘ಮಕ್ಕಳೊಡನೆ ಅವಶ್ಯವಾಗಿ’ ಎಂದು ಬರೆದುದನ್ನು ಹೊಡೆದು, ‘ಹಿರಿಯರು ಮೊದಲು ನೋಡಿ, ಆಮೇಲೆ ನಿಶ್ಚಯಿಸತಕ್ಕದ್ದು’ ಎಂದು ತಿದ್ದಿದ್ದೇವೆ.

ಪತ್ರ ಬರೆದ ಆ ತಾಯಿಯವರಿಗೆ ನಮ್ಮ ವಿನಂತಿಯಿಷ್ಟೇ. ಮಗಳನ್ನು ಚಿತ್ರಮಂದಿರಕ್ಕೆ ಒತ್ತಾಯದಿಂದ ಕರೆದೊಯ್ಯಬೇಡಿ. ಚಿತ್ರಗಳನ್ನು ಮನೆಯಲ್ಲಿಯೇ ನೋಡುವ ಅನುಕೂಲ ಈಗ ಉಂಟಷ್ಟೆ. ಒಂದು ಸಂಜೆ ದೀಪವನ್ನು ಆರಿಸದೆ, ಮುಸ್ತಾಫಾನ ಕಥೆಯನ್ನು ತೋರಿಸಿ, ಬೇಡವೆನಿಸಿದೊಡನೆ ನಿಲ್ಲಿಸುವ ಅಧಿಕಾರವನ್ನು ಅವಳ ಕೈಗೇ ಕೊಡಿ. ಅವಳು ಕೊನೆಯವರೆಗೂ ನೋಡಿದಳೋ, ನಡುವೆಯೇ ಎದ್ದಳೋ ಎಂಬುದನ್ನು ನಮಗೆ ತಿಳಿಸಿದರೆ ಉಪಕಾರವಾಗುವುದು. ಆ ಚಿತ್ರಕ್ಕೆ ಅವಳು ಕೊಟ್ಟ ಅಂಕವನ್ನೂ ನಮ್ಮ ಅಂಕದ ಪಕ್ಕದಲ್ಲಿಯೇ ಅಚ್ಚು ಹಾಕಿಸುವೆವು.